ಅರ್ಜಿ ಗುಜರಾಯಿಸುತ್ತಿದ್ದ ಕಾಲ

ಕೆಲಸ ಹುಡುಕುವುದೂ ಆಗ ಮನೆಖರ್ಚಿನ ಒಂದು ಬಾಬ್ತಾಗಿತ್ತು. ನಾನು ಬಿ.ಕಾಂ. ಮುಗಿಸಿ ಅರ್ಜಿ ಹಾಕಲು ಶುರು ಮಾಡಿದ್ದು 1982ರಲ್ಲಿ. ಅಂಚೆ ಕಾರ್ಡಿಗೆ 15 ಪೈಸೆ, ಇನ್‌ಲ್ಯಾಂಡ್ ಲೆಟರಿಗೆ 35, ಲಕೋಟೆಗೆ 50. ಅರ್ಜಿ ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ತೆಗೆಸಬೇಕು, ಅದರ ಮೇಲೆ ಕಮಿಷನ್ನು ಬೇರೆ. ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು; ದಿನದ ಲೆಕ್ಕ ಕಿರ್ದಿಗೆ ಏರಿಸದೆ ಮಲಗಿದವರಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ಸೀಮೆಎಣ್ಣೆ, ಅಗಸರ ಕೂಲಿ ಇವುಗಳ ಕೆಳಗೆ ‘ಮಗಳ ಅರ್ಜಿ’ ಎಂಬ ಹೊಸ ತಲೆಬರಹ ಬಂತು. ಅಪ್ಪನ ಕೈ, ಅಂಗಿ, ಚೀಲ ಎಲ್ಲಕ್ಕೂ ಕೊಬ್ಬರಿಯ ಸಿಹಿ ಕಮಟು ಹತ್ತಿಕೊಂಡಿರುತ್ತಿತ್ತು. ಎಣ್ಣೆಗೈ ಸೋಕಿ ಕಾಗದ ಜಿಡ್ಡಾದೀತೆಂದು ಅಮ್ಮ ನನ್ನ ಅರ್ಜಿ, ಅಂಕಪಟ್ಟಿಗಳನ್ನು ಟ್ರಂಕಿನಲ್ಲಿಟ್ಟು, ಆ ಟ್ರಂಕನ್ನು ಅಡುಗೆಮನೆಯ ನಾಗಂದಿಗೆಯಿಂದ ಆದಷ್ಟು ದೂರ ಇಟ್ಟಿದ್ದಳು.

ಅರ್ಜಿಯ ಜೊತೆ ಅಂಕಪಟ್ಟಿಯ ನಕಲು ಲಗತ್ತಿಸಬೇಕಿತ್ತು. ಜೆರಾಕ್ಸಿಗೆ ಪುಟಕ್ಕೆ ಎರಡು ರೂಪಾಯಿ ಕೇಳುತ್ತಿದ್ದರು, ನಮಗೆ ಅದು ಎಟುಕುತ್ತಿರಲಿಲ್ಲ. ಕೋರ್ಟಿನ ಮುಂದೆ ಮರದಡಿ ಕೂರುತ್ತಿದ್ದ ಟೈಪಿಸ್ಟು ಅಂಕಪಟ್ಟಿಯನ್ನು ಸಾಲುಸಾಲಾಗಿ ಹೊಡೆದು, ನೆತ್ತಿಯ ಮೇಲೆ ‘ಟ್ರೂ ಕಾಪಿ’ ಎಂದು ಬರೆದು ಕೊಡುತ್ತಿದ್ದ. ಕಾರ್ಬನ್ ಇಟ್ಟು ಒಂದೇ ಏಟಿಗೆ ನಾಲ್ಕು ಪ್ರತಿ. ನಾಲ್ಕನೆಯದು ಕಣ್ಣಿಗೆ ಕಾಣದಷ್ಟು ಮಸುಕು. ಈ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಆಗಬೇಕಿತ್ತು. ನಮ್ಮ ಪಾಲಿಗೆ ಸಿಕ್ಕಿದವರು ಪಶು ಆಸ್ಪತ್ರೆಯ ಡಾಕ್ಟರು. ಎಮ್ಮೆಗೆ ಸೂಜಿ ಚುಚ್ಚಿ, ಕೈ ತೊಳೆದು, ಫಿನಾಯಿಲ್ ವಾಸನೆಯ ಮೇಜಿನ ಮುಂದೆ ಕೂತು ಅಸಲನ್ನೂ ನಕಲನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಹಸಿರು ಶಾಯಿಯಲ್ಲಿ ಸಹಿ ಹಾಕಿ ಮೊಹರು ಒತ್ತುತ್ತಿದ್ದರು. ಹಾಗೆ ತಾಳೆ ನೋಡುವಾಗ ನನ್ನ ಅಂಕ ಅವರ ಕಣ್ಣಿಗೆ ಬೀಳುತ್ತಿತ್ತು. “ಅಕೌಂಟೆನ್ಸಿಯಲ್ಲಿ ಇಷ್ಟು ತೆಗೆದಿದ್ದೀಯಲ್ಲಮ್ಮ, ಬರೀ ಟೈಪಿಸ್ಟ್ ಹುದ್ದೆಗೆ ಯಾಕೆ ಹಾಕ್ತೀಯ? ಬ್ಯಾಂಕಿಗೆ ಬರಿ” ಎಂದು ಮೊದಲು ಹೇಳಿದವರು ಅವರೇ. 2014ರ ಸುಮಾರಿಗೆ ಸರ್ಕಾರ ಸ್ವಯಂ ದೃಢೀಕರಣ ಸಾಕೆಂದಿತು. ಬಡ ಹುಡುಗರ ಅಲೆದಾಟ ತಪ್ಪಿತು, ಒಳ್ಳೆಯದೇ ಆಯಿತು. ನನ್ನ ಮಟ್ಟಿಗೆ ಆ ಅಲೆದಾಟದಲ್ಲಿ ಒಬ್ಬ ಹಿತಚಿಂತಕರು ಸಿಕ್ಕಿದ್ದರು, ಅಷ್ಟೆ.

ಕೆಲಸ ಸಿಗುವವರೆಗೆ ಮನೆಯಲ್ಲಿ ಕೂರಬಾರದೆಂದು ಬಸ್ ಸ್ಟ್ಯಾಂಡಿನ ಹಿಂದಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ತಿಂಗಳಿಗೆ 15 ರೂಪಾಯಿ, ದಿನಕ್ಕೆ ಒಂದು ಗಂಟೆ. ಮೆಟ್ಟಿಲು ಹತ್ತುವಾಗಲೇ ರಿಬ್ಬನ್ನಿನ ಮಸಿ, ಮೆಷಿನ್ ಎಣ್ಣೆ, ಹುಡುಗಿಯರು ಮುಡಿದ ಹೂವಿನ ಹಸಿ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಎರಡು ರೆಮಿಂಗ್ಟನ್, ಒಂದು ಗೋದ್ರೆಜ್, ಕಿಟಕಿ ಪಕ್ಕ ಒಂದು ಹಾಲ್ಡಾ. ಹಾಲ್ಡಾದ ಕೀ ಹಗುರ, ಅದಕ್ಕೇ ಎಲ್ಲರ ಜಗಳ. ರೆಮಿಂಗ್ಟನ್ನಿನಲ್ಲಿ ಕಿರುಬೆರಳಿನಿಂದ ‘ಎ’ ಒತ್ತಬೇಕಾದರೆ ಮೊಣಕೈವರೆಗೆ ನೋಯುತ್ತಿತ್ತು. ಮೇಷ್ಟ್ರು ಕೀಗಳ ಮೇಲೆ ರಟ್ಟು ಮುಚ್ಚಿ, ಗೋಡೆ ನೋಡಿಕೊಂಡು ಹೊಡಿ ಎನ್ನುತ್ತಿದ್ದರು. ಸಾಲು ಮುಗಿಯುತ್ತ ಬಂದಾಗ ‘ಟಿಣ್’ ಎನ್ನುವ ಗಂಟೆ, ಎಡಗೈಯಿಂದ ಕ್ಯಾರೇಜನ್ನು ಸರ‍್ರನೆ ತಳ್ಳುವುದು. ಜೂನಿಯರ್ ಪಾಸಾದ ದಿನ, ಸರ್ಕಾರವೇ ನನ್ನನ್ನು ಕಾಯುತ್ತಿದೆ ಎನ್ನುವ ಹುರುಪಿನಲ್ಲಿ ಮನೆಗೆ ಬಂದು ಸಕ್ಕರೆ ಹಂಚಿದ್ದೆ. ಇಪ್ಪತ್ತೊಂದರ ವಯಸ್ಸು, ಆ ಹುರುಪು ಇರಬೇಕಾದದ್ದೇ.

ಸರ್ಕಾರ ಕಾಯುತ್ತಿರಲಿಲ್ಲ. ತುಮಕೂರಿನ ಉದ್ಯೋಗ ವಿನಿಮಯ ಕೇಂದ್ರದ ಮುಂದೆ ಕಾಯುತ್ತಿದ್ದವರು ನಾವು. ಬಸ್ಸಿಗೆ ಏಳು ರೂಪಾಯಿ ಚಿಲ್ಲರೆ. ಮುತ್ತುಗದೆಲೆಯಲ್ಲಿ ಕಟ್ಟಿದ ಚಿತ್ರಾನ್ನ ಚೀಲದಲ್ಲಿ. ಹೆಸರು ನೋಂದಾಯಿಸಿದರೆ ಒಂದು ಕಾರ್ಡು ಕೊಡುತ್ತಿದ್ದರು. ಅದನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಅದುವರೆಗಿನ ಹಿರಿತನ ಹೋಯಿತು. 1959ರ ಕಾಯ್ದೆಯಂತೆ ಸರ್ಕಾರಿ ಕಚೇರಿಗಳೂ 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಿತ್ತು. ತಿಳಿಸಿದರೆ ಆಯಿತು, ಅಲ್ಲಿಂದಲೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಇರಲಿಲ್ಲ. ಈ ಸೂಕ್ಷ್ಮ ಸಾಲಿನಲ್ಲಿ ನಿಂತ ಯಾರಿಗೂ ಗೊತ್ತಿರಲಿಲ್ಲ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ನನ್ನ ದೊಡ್ಡಪ್ಪನ ಮಗ ಸ್ಟೈಪೆಂಡರಿ ಪದವೀಧರನಾಗಿ ತಾಲ್ಲೂಕು ಕಚೇರಿ ಹೊಕ್ಕು ಅಲ್ಲೇ ನೆಲೆಯೂರಿದ್ದ. ನಾವು ನಾಲ್ಕಾರು ವರ್ಷ ತಡವಾಗಿ ಹುಟ್ಟಿದೆವು ಎಂದು ಸಾಲಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

ನಮ್ಮ ಬೀದಿಯಲ್ಲಿ ಯಾರೂ ಒಬ್ಬರೇ ಕೆಲಸ ಹುಡುಕುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಬೀದಿಯ ತುದಿಯಿಂದಲೇ “ಅಮ್ಮಯ್ಯಾ, ಬೆಂಗ್ಳೂರು ಸೀಲು!” ಎಂದು ಕೂಗಿಕೊಂಡು ಬರುತ್ತಿದ್ದ. ನಾನು ಲಕೋಟೆ ಒಡೆಯುವ ಹೊತ್ತಿಗೆ ಜಗಲಿಯ ಮೇಲೆ ನಾಲ್ಕು ಜನ ಸೇರಿರುತ್ತಿದ್ದರು. ‘ವಿಷಾದಿಸುತ್ತೇವೆ’ ಎಂಬ ಒಕ್ಕಣೆಯನ್ನು ಅವರೆದುರಿಗೇ ಓದಬೇಕು. ನಲ್ಲಿಯ ಹತ್ತಿರ ಕೊಡ ಇಟ್ಟವರೂ ರಾಗಿ ಬೀಸಿಸಲು ಹೊರಟವರೂ ಕೇಳುವುದು ಒಂದೇ: “ಕಾಗ್ದ ಬಂತೇನವ್ವಾ?” ಆ ಪ್ರಶ್ನೆ ತಪ್ಪಿಸಿಕೊಳ್ಳಲು ನಾನು ಹಿತ್ತಲ ಬಾಗಿಲಿನಿಂದ ಓಡಾಡಿದ ದಿನಗಳುಂಟು. ಆದರೆ ಅದೇ ಬೀದಿಯ ನಿವೃತ್ತ ಹೆಡ್‌ಮಾಸ್ತರರು ಸಂಜೆ ನನ್ನನ್ನು ಕೂರಿಸಿಕೊಂಡು ಡೆಕ್ಕನ್ ಹೆರಾಲ್ಡಿನ ಸಂಪಾದಕೀಯವನ್ನು ಗಟ್ಟಿಯಾಗಿ ಓದಿಸಿದರು. ಮುನಿಸಿಪಾಲಿಟಿ ವಾಚನಾಲಯದಲ್ಲಿ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ನೋಡಿ ಬರುತ್ತಿದ್ದ ಎದುರುಮನೆಯ ಹುಡುಗ, ತನಗೆ ಅರ್ಹತೆಯಿಲ್ಲದ ಹುದ್ದೆಗಳನ್ನೂ ನನಗಾಗಿ ಚೀಟಿಯಲ್ಲಿ ಗೀಚಿಕೊಂಡು ತರುತ್ತಿದ್ದ. ತಿಂಗಳ ಕೊನೆಯಲ್ಲಿ ಪೋಸ್ಟಲ್ ಆರ್ಡರಿಗೆ ದುಡ್ಡು ಸಾಲದಾದಾಗ ಹಾಲು ಹಾಕುವ ಅಜ್ಜಿ ಎಲೆಅಡಿಕೆ ಸಂಚಿಯಿಂದ ಐದರ ನೋಟು ತೆಗೆದುಕೊಟ್ಟಿದ್ದಳು. ಕೇಳುವವರೂ ಅವರೇ, ಕೊಡುವವರೂ ಅವರೇ.

ನಡುವೆ ಒಂದು ಕಚೇರಿಯಲ್ಲಿ ರಜೆಯ ಮೇಲೆ ಹೋದವರ ಜಾಗದಲ್ಲಿ ಮೂರು ತಿಂಗಳಿಗೆ ಒಳಗಿನ ತಾತ್ಕಾಲಿಕ ಕೆಲಸ ಸಿಕ್ಕಿತು. ಮೂರು ತಿಂಗಳು ತುಂಬುವ ಮುಂಚೆ ಕೈಬಿಡುವುದು ಆಗಿನ ರೂಢಿ. ಬಿಡುವ ದಿನ ಅಲ್ಲಿನ ಜವಾನ ನನಗೆ ಕಾಫಿ ತರಿಸಿಕೊಟ್ಟ. ಮೇಲಧಿಕಾರಿ ತಲೆಯೆತ್ತಿ ನೋಡಲಿಲ್ಲ. ಇನ್ನೊಂದು ಕಡೆ ಸಂದರ್ಶನಕ್ಕೆ ಕರೆದವರು ಬ್ಯಾಲೆನ್ಸ್ ಶೀಟಿನ ಬಗ್ಗೆ ಒಂದು ಮಾತೂ ಕೇಳದೆ, ಮದುವೆ ಯಾವಾಗ, ಮದುವೆಯಾದ ಮೇಲೆ ಬಿಡುತ್ತೀರಾ, ಗಂಡನ ಊರು ಬೇರೆಯಾದರೆ ಏನು ಮಾಡುತ್ತೀರಿ ಎಂದು ಕೇಳಿ ಕಳಿಸಿದರು. ಆ ರಾತ್ರಿ ನಾನು ಊಟ ಬಿಟ್ಟೆ. ನಲವತ್ತು ವರ್ಷ ಕಳೆದರೂ ಆ ಪ್ರಶ್ನೆ ಕೇಳಿದವರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಸಿಕೊಳ್ಳಬೇಕೆಂದೂ ಅನ್ನಿಸಿಲ್ಲ.

ಬ್ಯಾಂಕ್ ನೇಮಕಾತಿ ಆಗ ಬಿ.ಎಸ್.ಆರ್.ಬಿ. ಎಂಬ ಮಂಡಳಿಯ ಕೈಯಲ್ಲಿತ್ತು. ಗುಮಾಸ್ತೆ ಹುದ್ದೆಗೆ ವಯೋಮಿತಿ 26. ಪರೀಕ್ಷೆ ಬೆಂಗಳೂರಿನಲ್ಲಿ. ಹಿಂದಿನ ದಿನ ಅಮ್ಮ ಬಚ್ಚಲೊಲೆಯ ಕೆಂಡವನ್ನು ತಾಮ್ರದ ಚೊಂಬಿಗೆ ತುಂಬಿ, ಇಕ್ಕಳದಲ್ಲಿ ಕಂಠ ಹಿಡಿದು ನನ್ನ ವಾಯಿಲ್ ಸೀರೆಗೆ ಇಸ್ತ್ರಿ ಹಾಕಿದಳು. ಮೀಟರ್‌ಗೇಜ್ ರೈಲು, ಇದ್ದಿಲ ಧೂಳು. ಬೆಂಗಳೂರಲ್ಲಿ ಇಳಿಯುವಷ್ಟರಲ್ಲಿ ಇಸ್ತ್ರಿಯ ಗೆರೆ ಹೋಗಿ ಮಸಿಯ ಚುಕ್ಕೆ ಬಂದಿತ್ತು. ಪರೀಕ್ಷಾ ಕೊಠಡಿಯಲ್ಲಿ ಎಚ್‌ಬಿ ಪೆನ್ಸಿಲಿನಲ್ಲಿ ಉತ್ತರ ಗುರುತಿಸುವುದು ನಮಗೆ ಹೊಸತು. ಪುಟಗಟ್ಟಲೆ ಬರೆದು ಪಾಸಾದವರಿಗೆ, ನಾಲ್ಕರಲ್ಲಿ ಒಂದನ್ನು ಆರಿಸಿ ಮುಂದೆ ಹೋಗು ಎಂದರೆ ಕೈ ಬರುತ್ತಿರಲಿಲ್ಲ. ನನ್ನ ಪಕ್ಕದ ಹುಡುಗಿ ಪ್ರತಿ ಗುರುತನ್ನೂ ಅಳಿಸಿ ಮತ್ತೆ ಹಾಕುತ್ತಿದ್ದಳು; ಮೂರನೇ ವಿಭಾಗ ಮುಟ್ಟುವ ಮೊದಲೇ ಗಂಟೆ ಹೊಡೆಯಿತು. ಅವಳು ಅಳುತ್ತ ಹೊರಗೆ ಬಂದದ್ದು ಕಣ್ಣಿಗೆ ಕಟ್ಟಿದಂತಿದೆ.

ಬರಹದ ಪರೀಕ್ಷೆ ದಾಟಿ ಸಂದರ್ಶನಕ್ಕೆ ಹೋದಾಗ, ಮಧ್ಯದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಊರಿನ ಹೆಸರು ನೋಡಿ, “ತಿಪಟೂರೇ? ಹಾಗಾದರೆ ಉಂಡೆ ಕೊಬ್ಬರಿ ಹೇಗಾಗುತ್ತೆ ಹೇಳಿ” ಎಂದರು. ರಿಸರ್ವ್ ಬ್ಯಾಂಕು, ಕ್ಲಿಯರಿಂಗು ಎಂದು ಉರು ಹೊಡೆದು ಹೋಗಿದ್ದ ನನಗೆ ಉಸಿರು ಬಂದಂತಾಯಿತು. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಏರಿಸುತ್ತಾರೆ. ಹತ್ತಿರ ಹತ್ತಿರ ವರ್ಷ ಅದು ಅಲ್ಲೇ ಇರಬೇಕು. ಕೆಳಗಿನ ಒಲೆಯ ಹೊಗೆ ತಾಗುತ್ತ ಒಳಗಿನ ನೀರು ಇಂಗುತ್ತದೆ. ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಲೊಟಲೊಟ ಸದ್ದು ಬಂದರೆ ಆಯಿತೆಂದು ಅರ್ಥ. ಆಮೇಲೆ ಮಟ್ಟೆ ಸುಲಿದು, ಕರಟವನ್ನು ಹುಷಾರಾಗಿ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯಬೇಕು. ಇಷ್ಟು ಹೇಳಿದೆ. “ವರ್ಷವಿಡೀ ರೈತ ಏನು ತಿನ್ನುತ್ತಾನೆ?” ಎಂದು ಮುಂದಿನ ಪ್ರಶ್ನೆ. ಮಂಡಿಯವರು ಮುಂಗಡ ಕೊಡುತ್ತಾರೆ, ಅದಕ್ಕೇ ಬೆಲೆ ಏರಿದಾಗ ಲಾಭ ರೈತನಿಗೆ ಪೂರಾ ಸಿಗುವುದಿಲ್ಲ, ಬ್ಯಾಂಕು ಮಾಲನ್ನು ಒತ್ತೆಯಿಟ್ಟುಕೊಂಡು ಸಾಲ ಕೊಟ್ಟರೆ ಅವನು ಹರಾಜಿಗೆ ಕಾಯಬಲ್ಲ ಎಂದೆ. ಅಪ್ಪ ರಾತ್ರಿ ಊಟಕ್ಕೆ ಕೂತಾಗ ಆಡುತ್ತಿದ್ದ ಮಾತುಗಳೇ ಅವು. ಗೋದಾಮಿಗೆ ಬ್ಯಾಂಕು ತನ್ನ ಬೀಗ ಹಾಕಿ ಕೊಡುವ ಆ ಸಾಲಕ್ಕೆ ಕೀ ಲೋನ್ ಎನ್ನುತ್ತಾರೆಂದು ಆ ಹಿರಿಯರೇ ನನಗೆ ಕಲಿಸಿ ಕಳಿಸಿದರು.

ನೇಮಕಾತಿ ಪತ್ರ ಬಂದದ್ದು 1985ರಲ್ಲಿ. ವಿಜಯಾ ಬ್ಯಾಂಕು, ರಾಯಚೂರು ಜಿಲ್ಲೆಯ ಒಂದು ಶಾಖೆ, ಕೈಗೆ ಸಾವಿರದ ಚಿಲ್ಲರೆ ಸಂಬಳ. ಅಪ್ಪ ಲೆಕ್ಕದ ಪುಸ್ತಕದಲ್ಲಿ ‘ಮಗಳ ಅರ್ಜಿ’ ತಲೆಬರಹದ ಕೆಳಗೆ ಗೆರೆ ಎಳೆದು ಮೊತ್ತ ಕೂಡಿಸಿದರು. “ಗುಜರಾಯಿಸಿದ್ದಕ್ಕೂ ಸಾರ್ಥಕ ಆಯ್ತು” ಎಂದರು. ಆ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮರುವರ್ಷ ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಗಿತ್ತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಸೇರಿದ ಹುಡುಗನಿಗೆ ಹೆಣ್ಣು ಕೊಡಲು ನಮ್ಮೂರಲ್ಲಿ ಪೈಪೋಟಿ ಇತ್ತು. ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದ್ದು 2016ರಲ್ಲಿ. ನಮ್ಮನ್ನು ಪರೀಕ್ಷಿಸಿದ ಬಿ.ಎಸ್.ಆರ್.ಬಿ.ಯೂ ಈಗಿಲ್ಲ, 2011ರಿಂದ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ ಬಂದಿದೆ. ಖಾಯಂ ಎಂದು ನಾವು ಹಂಬಲಿಸಿದ ಹೆಸರುಗಳಲ್ಲಿ ಅರ್ಧದಷ್ಟು ನಾನು ನಿವೃತ್ತಳಾಗುವ ಹೊತ್ತಿಗೆ ಬೋರ್ಡಿನ ಮೇಲಿರಲಿಲ್ಲ. ಆದರೂ ನನ್ನ ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಆ ನೆಮ್ಮದಿ ನಮ್ಮ ತಲೆಮಾರಿಗೆ ಸಿಕ್ಕಿತು.

ನನ್ನ ತಂಗಿಯ ಮಗಳಿಗೆ ಅದು ಸಿಕ್ಕಿಲ್ಲ. ಬೆಂಗಳೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. 2023ರಲ್ಲಿ ಒಂದು ಬೆಳಿಗ್ಗೆ ಅವಳ ಕಂಪನಿ ವಿಡಿಯೊ ಕರೆಯಲ್ಲಿ ಅವಳನ್ನೂ ತಂಡದ ಹಲವರನ್ನೂ ತೆಗೆದುಹಾಕಿತು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ದಿನಾ ಎಂದಿನಂತೆ ತಿಂಡಿ ತಿಂದು, ಬ್ಯಾಗು ಹೆಗಲಿಗೇರಿಸಿ ಹೊರಟು, ಯಾವುದೋ ಕಾಫಿ ಅಂಗಡಿಯಲ್ಲಿ ತನ್ನ ಸ್ವಂತ ಲ್ಯಾಪ್‌ಟಾಪ್ ತೆರೆದು ಸಂಜೆವರೆಗೆ ಕೂತಿರುತ್ತಿದ್ದಳಂತೆ. ನೌಕ್ರಿ, ಲಿಂಕ್ಡ್‌ಇನ್, ಕಂಪನಿಗಳದೇ ಪುಟಗಳು. ಅರ್ಜಿ ಹಾಕಲು ಕಾಸು ಬೇಡ, ಅಂಚೆ ಬೇಡ, ಒಂದು ನಿಮಿಷ ಸಾಕು. ಹಾಗಾಗಿಯೇ ಒಂದೊಂದು ಹುದ್ದೆಗೆ ರಾಶಿ ಅರ್ಜಿ ಬಂದು ಬೀಳುತ್ತವೆ; ಮೊದಲು ಜರಡಿ ಹಿಡಿಯುವುದು ಸಾಫ್ಟ್‌ವೇರು. ಅದಕ್ಕೆ ಬೇಕಾದ ಪದ ರೆಸ್ಯೂಮೆಯಲ್ಲಿ ಇಲ್ಲದಿದ್ದರೆ ಮನುಷ್ಯರ ಕಣ್ಣಿಗೆ ಅದು ಬೀಳುವುದೇ ಕಷ್ಟ. ‘ವಿಷಾದಿಸುತ್ತೇವೆ’ ಎನ್ನುವ ಕಾಗದವೂ ಬಹಳ ಕಡೆಯಿಂದ ಬರುವುದಿಲ್ಲ. ಮೂರು ಸುತ್ತು ಮಾತಾಡಿಸಿ ಆಮೇಲೆ ಫೋನೇ ಎತ್ತದವರಿದ್ದರು.

ಒಂದು ಭಾನುವಾರ ಸೊಪ್ಪು ಬಿಡಿಸುತ್ತ ಕೂತಾಗ ತಾನಾಗಿಯೇ ಹೇಳಿದಳು. “ದೊಡ್ಡಮ್ಮ, ಅಮ್ಮಂಗೆ ಹೇಳ್ಬೇಡ. ಎಲ್ಲರೂ ಫೋನ್ ಮಾಡಿ ಕೇಳ್ತಾರೆ.” ಕೇಳುತ್ತಾರೆ, ನಿಜ. ಹಿತ್ತಲ ಬಾಗಿಲಿನಿಂದ ಓಡಾಡಿದವಳಿಗೆ ಆ ಅಂಜಿಕೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ, “ಕೇಳಲಿ ಬಿಡೇ. ಕೇಳಿದವರಲ್ಲಿ ಒಬ್ಬರಿಗಾದರೂ ಏನೋ ಗೊತ್ತಿರುತ್ತೆ” ಎಂದೆ. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳೇ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ವಿಷಯ ಹಾಕಿದಳು. ಫೋನುಗಳು ಬಂದವು, ಅದರಲ್ಲಿ ಚುಚ್ಚಿದವರೂ ಇದ್ದರು, ಜಾತಕ ಕೇಳಿದವರೂ ಇದ್ದರು. ಅವಳ ಸೋದರತ್ತೆಯ ಅಳಿಯ ಮಾತ್ರ ತನ್ನ ಕಂಪನಿಯಲ್ಲಿ ಅವಳ ಹೆಸರಿಗೆ ರೆಫರಲ್ ಕೊಟ್ಟ. ಸಾಫ್ಟ್‌ವೇರಿನ ಜರಡಿ ದಾಟಿ ಒಬ್ಬ ಮ್ಯಾನೇಜರ್ ಅವಳ ರೆಸ್ಯೂಮೆ ತೆರೆದು ಓದಿದ್ದು ಆಗಲೇ. ಸಂದರ್ಶನದಲ್ಲಿ ಮದುವೆಯ ಪ್ರಶ್ನೆ ಬರಲಿಲ್ಲ ಎಂದು ಅವಳಿಂದ ಕೇಳಿ ನಾನು ಅವಳಿಗಿಂತ ಹೆಚ್ಚು ಖುಷಿಪಟ್ಟೆ.

ಈಗ ಅಲ್ಲೇ ಇದ್ದಾಳೆ, ಕಾಂಟ್ರ್ಯಾಕ್ಟ್ ಮೇಲೆ. ನಾನು ನೇಮಕಾತಿ ಪತ್ರ ಬಂದ ದಿನ ಹುಡುಕುವುದನ್ನು ನಿಲ್ಲಿಸಿದವಳು. ಅವಳು ನಿಲ್ಲಿಸಿಲ್ಲ, ನಿಲ್ಲಿಸುವ ಕಾಲವೂ ಇದಲ್ಲವಂತೆ. ತನ್ನ ಜೊತೆಗೇ ಕೆಲಸ ಕಳೆದುಕೊಂಡವರದೊಂದು ಗುಂಪು ಮಾಡಿಕೊಂಡಿದ್ದಾಳೆ. ಎಲ್ಲಿ ಜಾಗ ಖಾಲಿಯಿದೆ ಎಂದು ಗೊತ್ತಾದರೆ ಗುಂಪಿನಲ್ಲಿ ಹಾಕುತ್ತಾರೆ, ಒಬ್ಬರಿಗೊಬ್ಬರು ರೆಫರಲ್ ಕೊಡುತ್ತಾರೆ. ಇನ್ನೂ ಎಲ್ಲೂ ಸಿಗದ ಒಬ್ಬ ಹುಡುಗ ಕಳೆದ ಭಾನುವಾರ ನಮ್ಮ ಮನೆಗೇ ಬಂದಿದ್ದ. ಊಟ ಆದ ಮೇಲೆ ಇಬ್ಬರೂ ಅವನ ರೆಸ್ಯೂಮೆಯನ್ನು ಸಾಲುಸಾಲಾಗಿ ತಿದ್ದುತ್ತ ಕೂತರು. ಅವನೂ ಕೊಬ್ಬರಿ ಸೀಮೆಯವನು, ಅರಸೀಕೆರೆ ಕಡೆಯವನು. ಊರಲ್ಲಿ ತಂದೆತಾಯಿಗೆ ಹೇಳಿದ್ದೀಯೇನಪ್ಪ ಎಂದು ಕೇಳಿದೆ. ಹೇಳಿದ್ದೇನೆ ಎಂದ.