ಪಡಸಾಲೆಗೆ ಬಂದ ಬೂದಿ

ಶ್ರಾವಣ ಕಾಲಿಟ್ಟಿತೆಂದರೆ ಹಿರೇಹಂದಿಗೋಳದ ಎರೆ ಹೊಲಗಳಲ್ಲಿ ಹೆಸರು ಕಾಯಿ ಕಟ್ಟುವ ಹೊತ್ತು. ಮೋಡ ಕವಿದು ಬಿಸಿಲು ಮುಖ ತೋರಿಸುವುದಿಲ್ಲ. ಜಿಟಿಜಿಟಿ ಹನಿ ಉದುರುತ್ತದೆ, ನಿಲ್ಲುತ್ತದೆ, ಮತ್ತೆ ಉದುರುತ್ತದೆ. ರಾತ್ರಿಗೆ ಕೌದಿ ಬೇಕೆನ್ನಿಸುವಷ್ಟು ತಂಪು. ಇಂಥ ದಿನಗಳಲ್ಲಿ ಊರವರು ಎದುರಾದಾಗ ಮಳೆಯ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: ‘ನಿಮ್ಮ ಹೆಸರಿಗೆ ಬೂದಿ ಬಡದೈತೇನ್ರಿ?’ ಗದಗ ಸೀಮೆಯಲ್ಲಿ ಹೆಸರೆಂದರೆ ಮುಂಗಾರಿನ ಮೊದಲ ರೊಕ್ಕ. ಹಬ್ಬದ ಸಂತೆ, ಹಿಂಗಾರಿಯ ಕಡಲೆ ಮತ್ತು ಜೋಳದ ಬೀಜ, ಕೈಗಡ, ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಹಾಗಾಗಿ ಆ ಪ್ರಶ್ನೆಯಲ್ಲಿ ಕಕ್ಕುಲಾತಿ ಇರುತ್ತದೆ.

ಹೊಲದಲ್ಲಿ ಈ ಬೂದಿ ರೋಗವನ್ನು ಎಲ್ಲರೂ ಬಲ್ಲರು. ಮನೆಯೊಳಗೆ ಕಂಡಾಗ ಮಾತ್ರ ಗುರುತು ಸಿಗುವುದಿಲ್ಲ. ನಮ್ಮ ಪಡಸಾಲೆಯ ಮೂಲೆಯಲ್ಲಿ ತಂಗಿ ಗದಗಿನಿಂದ ತಂದಿಟ್ಟ ಸಣ್ಣ ಗುಲಾಬಿ ಗಿಡ ಇತ್ತು. ಅದರ ಚಿಗುರೆಲೆಯ ಮೇಲೆ ಒಂದು ಮುಂಜಾನೆ ಬಿಳಿ ಚುಕ್ಕೆಗಳು ಕಂಡವು, ರೊಟ್ಟಿ ಬಡಿಯುವಾಗ ಜೋಳದ ಹಿಟ್ಟು ಸಿಡಿದಂತೆ. ಬೆರಳಿನಿಂದ ಒರೆಸಿದರೆ ಹೋಯಿತು. ಮೂರನೆಯ ದಿನಕ್ಕೆ ಅಲ್ಲೇ ಮತ್ತೆ ಬಂತು, ಇನ್ನಷ್ಟು ಅಗಲವಾಗಿ. ಚಿಗುರು ಮುದುಡಿತು, ಮೊಗ್ಗಿನ ಕತ್ತಿನವರೆಗೂ ಬಿಳುಪು ಏರಿತು. ಹೊಲದಿಂದ ಬಂದ ಕಾಕಾ ರುಮಾಲು ಬಿಚ್ಚುತ್ತ ನೋಡಿದವರೇ, ‘ಯವ್ವಾ, ಹೆಸರಿನಾಗಿನ ಬೂದಿ ಮನ್ಯಾಗೂ ಬಂತಲ್ಲ, ನಮ್ಮ ಅರಿವ್ಯಾಗ ಕುಂತು ಬಂದಿರಬೇಕು’ ಎಂದರು.

ಕಾಕಾನ ಅನುಮಾನಕ್ಕೆ ಅರ್ಥವಿದೆ, ಯಾಕೆಂದರೆ ಬೂದಿ ಗಾಳಿಯಲ್ಲಿ ತೇಲಿ, ಬಟ್ಟೆಗೆ ಅಂಟಿ ಬರುವಂಥದ್ದೇ. ಆದರೆ ಹೆಸರಿನ ಬೂದಿ ಗುಲಾಬಿಗೆ ಹತ್ತುವುದಿಲ್ಲ. ಜಗತ್ತಿನಲ್ಲಿ ಬೂದಿ ರೋಗದ ಶಿಲೀಂಧ್ರಗಳು ಹೆಚ್ಚುಕಡಿಮೆ 900 ಬಗೆ. ಬಹುಪಾಲು ಒಂದೊಂದಕ್ಕೂ ಒಂದೊಂದು ಗಿಡದ ಮನೆತನ ಗೊತ್ತು. ಹೆಸರಿಗೆ ಬೀಳುವುದು ಎರಿಸೈಫೆ ಪಾಲಿಗೋನಿ, ಗುಲಾಬಿಗೆ ಪೊಡೊಸ್ಫೇರಾ ಪ್ಯಾನೋಸಾ, ವಿಜಯಪುರ ಬಾಗಲಕೋಟೆಯ ದ್ರಾಕ್ಷಿ ತೋಟಗಳನ್ನು ಕಾಡುವುದು ಎರಿಸೈಫೆ ನೆಕೇಟರ್. ನಮ್ಮ ಬ್ಯಾಡಗಿ ಮೆಣಸಿನ ಗಿಡದ್ದು ಲೆವಿಲ್ಯುಲಾ ಟೌರಿಕಾ. ಅದು ಉಳಿದವುಗಳಂತೆ ಎಲೆಯ ಮೇಲೆ ಹರಡದೆ ಒಳಗೆ ಹೊಕ್ಕು ಬೆಳೆಯುತ್ತದೆ; ಮೇಲೆ ಹಳದಿ ಮಚ್ಚೆ, ಎಲೆ ಮಗುಚಿದರೆ ಮಾತ್ರ ಬಿಳಿ ಪುಡಿ. ನಮ್ಮ ಗುಲಾಬಿಯ ಬೂದಿ ಬಹುಶಃ ಕುಂಡದ ಜೊತೆಗೇ ಯಾವುದೋ ಮೊಗ್ಗಿನ ಸಂದಿಯಲ್ಲಿ ಕೂತು ಬಂದದ್ದು. ಅದಕ್ಕೇ ಹೊಸ ಗಿಡ ತಂದಾಗ ಎರಡು ವಾರವಾದರೂ ಉಳಿದವುಗಳಿಂದ ದೂರ ಇಡಬೇಕು.

ಅಂಥದೊಂದು ಎಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡುವುದು ನನಗೆ ಇಷ್ಟ. ಬರಿಗಣ್ಣಿಗೆ ಪುಡಿಯಾಗಿ ಕಂಡದ್ದು ಅಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಎಲೆಯ ಮೈಮೇಲೆ ಬಿಳಿ ನೂಲು ಹರಡಿ, ಅದರಿಂದ ಸಣ್ಣ ಕಡ್ಡಿಗಳು ನೆಟ್ಟಗೆ ಎದ್ದಿರುತ್ತವೆ. ಒಂದೊಂದು ಕಡ್ಡಿಯ ತುದಿಯಲ್ಲೂ ಬೀಜಕಣಗಳು ಒಂದರ ಮೇಲೊಂದು ಸಾಲುಗಟ್ಟಿರುವುದನ್ನು ಕಾಣಲು ಇನ್ನೂ ಬಲವಾದ ಸೂಕ್ಷ್ಮದರ್ಶಕವೇ ಬೇಕು. ಬಾಗಿಲು ತೆರೆದ ಗಾಳಿಗೆ, ಸೆರಗು ತಾಗಿದರೆ, ಆ ಕಣಗಳು ಕಳಚಿ ಹಾರುತ್ತವೆ. ಹೋಗಿ ಕೂತ ಎಲೆಯ ಮೇಲೆ ಮೊಳೆತು ಮೇಲ್ಪದರಕ್ಕೆ ಸಣ್ಣ ಬೇರು ಇಳಿಸಿ ರಸ ಹೀರತೊಡಗುತ್ತವೆ. ಹವೆ ಒಗ್ಗಿದರೆ ಒಂದು ವಾರದೊಳಗೆ ಮುಂದಿನ ಪೀಳಿಗೆ ತಯಾರು. ಆದರೂ ಅದು ಗಿಡವನ್ನು ಬೇಗ ಕೊಲ್ಲುವುದಿಲ್ಲ. ಬದುಕಿರುವ ಎಲೆಯೇ ಅದರ ಅನ್ನ. ಪ್ರಯೋಗಾಲಯದ ತಟ್ಟೆಯಲ್ಲಿ ಬರಿ ಆಹಾರ ಹಾಕಿ ಇದನ್ನು ಬೆಳೆಸಲಾಗದು.

ಇದರಲ್ಲಿ ನನ್ನನ್ನು ಮತ್ತೆ ಮತ್ತೆ ಸೆಳೆಯುವ ಸಂಗತಿ ನೀರಿನದು. ಎಲೆಗೆ ಹತ್ತುವ ಎಷ್ಟೋ ಶಿಲೀಂಧ್ರಗಳಿಗೆ ಮೊಳೆಯಲು ಹಸಿ ಬೇಕು. ಬೂದಿಯ ಕಣಕ್ಕೆ ಬೇಡ. ತನಗೆ ಬೇಕಾದ ನೀರನ್ನು ಅದು ಒಡಲಲ್ಲೇ ಹೊತ್ತು ತಂದಿರುತ್ತದೆ. ಎಲೆಯ ಮೇಲೆ ನೀರು ನಿಂತರೆ ಅದಕ್ಕೇ ಕೇಡು: ಎಷ್ಟೋ ಕಣ ತೊಳೆದುಹೋಗುತ್ತವೆ, ಉಳಿದವು ಸರಿಯಾಗಿ ಮೊಳೆಯುವುದಿಲ್ಲ. ಅದು ಬಯಸುವುದು ಒಣ ಎಲೆ, ಸುತ್ತ ತೇವದ ಗಾಳಿ, ಮಂದ ಬೆಳಕು, 20ರಿಂದ 27 ಡಿಗ್ರಿಯ ಹಿತವಾದ ಹವೆ. ಭರ್ರನೆ ಸುರಿಯುವ ಮಳೆಗಿಂತ ಶ್ರಾವಣದ ಮುಸುಕು ಮೋಡದಲ್ಲಿ ಹೆಸರಿಗೆ ಬೂದಿ ಹೆಚ್ಚುವುದು ಇದಕ್ಕೇ.

ಈಗ ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೆನೆಸಿಕೊಳ್ಳಿ. ಅಗಲವಾದ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಜಂತಿಯ ನಡುವೆ ಒಂದು ಬೆಳಕಿಂಡಿ. ಚೈತ್ರ ವೈಶಾಖದ ಉರಿಯನ್ನು ಹೊರಗೇ ನಿಲ್ಲಿಸಲೆಂದು ಹಿರಿಯರು ಕಟ್ಟಿದ್ದು. ಹೊರಗೆ ನೆಲ ಸುಡುವಾಗಲೂ ಒಳಗೆ ಕೂತವರಿಗೆ ಜೀವ ತಣ್ಣಗಾಗುತ್ತದೆ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಬಾಗಿಲವರೆಗೆ ಬಂದರೂ ಪಡಸಾಲೆಯ ಮೂಲೆ ಮುಟ್ಟುವುದಿಲ್ಲ. ಮನುಷ್ಯರಿಗೆ ಇಷ್ಟು ಹಿತವಾದ ಈ ಜಾಗ ಬೂದಿಗೂ ಅಷ್ಟೇ ಹಿತ. ಬಯಲಿನ ಗಿಡವನ್ನು ಪ್ರೀತಿಯಿಂದ ಒಳಗೆ ತಂದಾಗ ನಾವು ಅದರಿಂದ ಬಿಸಿಲು, ಗಾಳಿ, ಮಳೆ ಮೂರನ್ನೂ ಕಿತ್ತುಕೊಂಡಿರುತ್ತೇವೆ. ಆ ಮೂರೂ ಬೂದಿಯ ಶತ್ರುಗಳು. ಹಾಗಾಗಿ ಇದರ ಚಿಕಿತ್ಸೆ ಔಷಧಿ ಅಂಗಡಿಯಿಂದ ಶುರುವಾಗಬಾರದು, ಕುಂಡ ಇಟ್ಟ ಜಾಗದಿಂದ ಶುರುವಾಗಬೇಕು ಎಂಬುದು ನನ್ನ ನಂಬಿಕೆ.

ಮುಚ್ಚಿದ ಜಾಗಕ್ಕೂ ಬೂದಿಗೂ ಇರುವ ನಂಟಿಗೆ ದೊಡ್ಡ ಇತಿಹಾಸವೇ ಇದೆ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಎಂಬ ಊರಿನಲ್ಲಿ ಟಕರ್ ಎಂಬ ತೋಟಗಾರ ಗಾಜಿನ ಮನೆಯ ದ್ರಾಕ್ಷಿ ಬಳ್ಳಿಯ ಮೇಲೆ ಈ ಬಿಳುಪನ್ನು ಕಂಡ. ಪೀಚ್ ಮರದ ಬೂದಿಯನ್ನು ಬಲ್ಲ ಅವನು ಗಂಧಕ, ಸುಣ್ಣ, ನೀರು ಕೂಡಿಸಿ ಸಿಂಪಡಿಸಿ ಬಳ್ಳಿ ಉಳಿಸಿಕೊಂಡ. ಕೆಲವೇ ವರ್ಷಗಳಲ್ಲಿ ರೋಗ ಫ್ರಾನ್ಸಿಗೆ ದಾಟಿ, 1854ರ ಹೊತ್ತಿಗೆ ಅಲ್ಲಿಯ ದ್ರಾಕ್ಷಾರಸದ ವ್ಯಾಪಾರವನ್ನೇ ನೆಲಕ್ಕೆ ಕೆಡವಿತು. ಕೊನೆಗೆ ಅಲ್ಲೂ ಕೈ ಹಿಡಿದದ್ದು ಗಂಧಕವೇ. ಒಬ್ಬ ತೋಟಗಾರ ದಿನವೂ ಎಲೆ ನೋಡುತ್ತಿದ್ದ ಎಂಬ ಕಾರಣಕ್ಕೆ ಮದ್ದು ಸಿಕ್ಕಿತು ಎನ್ನುವುದು ನನಗೆ ಈ ಕಥೆಯ ಸಾರ.

ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮ ಹೀಗೆ. ಬಿಳುಪು ಕಂಡ ಎಲೆಯನ್ನು ಅಲುಗಾಡಿಸದೆ ಚಿವುಟಿ, ಪ್ಲಾಸ್ಟಿಕ್ ಚೀಲದೊಳಗೇ ಹಾಕಿ ಬಾಯಿ ಕಟ್ಟುವುದು, ತಿಪ್ಪೆಗೆ ಒಗೆಯುವುದಿಲ್ಲ. ದಟ್ಟವಾದ ರೆಂಬೆಗಳನ್ನು ತೆಗೆದು ನಡುವೆ ಗಾಳಿ ಆಡುವಂತೆ ಮಾಡುವುದು. ಕುಂಡವನ್ನು ಮನೆ ಮುಂದಿನ ಕಟ್ಟೆಗೆ ಒಯ್ದು, ಎಲೆಯ ಬೆನ್ನು ಹೊಟ್ಟೆ ಎರಡೂ ನೆನೆಯುವಂತೆ ನೀರು ಚಿಮುಕಿಸುವುದು. ಇದು ಮುಂಜಾನೆಯೇ ಆಗಬೇಕು. ಸಂಜೆ ತೋಯಿಸಿದ ಎಲೆ ರಾತ್ರಿಯೆಲ್ಲ ಹಸಿಯಾಗಿಯೇ ಉಳಿದರೆ ಗುಲಾಬಿಗೆ ಕಪ್ಪು ಚುಕ್ಕೆ ರೋಗ ಹತ್ತುತ್ತದೆ. ಬಿಗೋನಿಯಾದಂಥ ಮೃದು ಎಲೆಯ ಗಿಡಕ್ಕೆ ತೊಳೆಯುವ ಉಪಚಾರ ಒಗ್ಗದು. ಅದಕ್ಕೆ ಎಲೆ ಚಿವುಟಿ ಗಾಳಿ ಕೊಡುವುದೇ ಸರಿ. ಯೂರಿಯಾ ಕೈಬಿಡಬೇಕು. ಸಾರಜನಕ ಹೆಚ್ಚಾದರೆ ಹುಟ್ಟುವ ಎಳಸು ಚಿಗುರೇ ಬೂದಿಗೆ ಮೊದಲ ತುತ್ತು.

ಅವ್ವ ಹುಳಿ ಮಜ್ಜಿಗೆಯನ್ನು ತೆಳ್ಳಗೆ ನೀರು ಮಾಡಿ ಸೋಸಿ ಹೊಡೆಯುತ್ತಾಳೆ. ಸಾವಯವ ಬೇಸಾಯದವರು ಇದನ್ನು ಬಹಳ ಕಾಲದಿಂದ ನಂಬಿದ್ದಾರೆ. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್, ಹಸಿರುಮನೆಯ ಜುಕಿನಿ ಕುಂಬಳದ ಮೇಲೆ ಹಸಿ ಹಾಲು ಬೆರೆಸಿದ ನೀರು ಸಿಂಪಡಿಸಿ ಬೂದಿ ಹತೋಟಿಗೆ ಬಂದುದನ್ನು ತೋರಿಸಿಕೊಟ್ಟರು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ. ರೋಗ ಎಳೆಯದಾಗಿರುವಾಗ ಮನೆಗೆ ಇಷ್ಟು ಸಾಕು.

ಅದೂ ಮೀರಿದರೆ ಗಂಧಕ. ನೀರಿನಲ್ಲಿ ಕಲೆಸುವ ಗಂಧಕ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಲೀಟರಿಗೆ 2ರಿಂದ 3 ಗ್ರಾಂ. ಮೊದಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ನೋಡಬೇಕು. 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಮುಟ್ಟಿಸಬಾರದು, ಆಗಲೂ ಸುಡುತ್ತದೆ. ಇದನ್ನು ಎಂದಿಗೂ ಮನೆಯೊಳಗೆ ಹೊಡೆಯಬೇಡಿ. ಕುಡಿಯುವ ನೀರಿನ ಕೊಡ, ಆಡುವ ಕೂಸು, ಒಲೆ ಎಲ್ಲ ಒಂದೇ ಸೂರಿನ ಕೆಳಗಿರುತ್ತವೆ. ಕುಂಡವನ್ನು ಹೊರಗೆ ಒಯ್ದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಡೆದು, ಎಲೆ ಒಣಗಿದ ಮೇಲೆ ಒಳಗೆ ತರಬೇಕು. ಹೊಲಕ್ಕೆ ತಂದು ಉಳಿದ ಔಷಧಿಯನ್ನು ಗುರುತು ಗೊತ್ತಿಲ್ಲದೆ ಮನೆಗಿಡಕ್ಕೆ ಹೊಡೆಯುವ ರೂಢಿಯಂತೂ ನಿಲ್ಲಲೇಬೇಕು. ಯಾವ ರೋಗವೆಂದು ತಿಳಿಯದಿದ್ದರೆ ನಮ್ಮ ತಾಲೂಕಿನ ಹುಲಕೋಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದು ಎಲೆ ಒಯ್ದು ತೋರಿಸಿ ಕೇಳಬಹುದು.

ಕಟ್ಟೆಯ ಮೇಲೆ ಇಟ್ಟ ಗಿಡಕ್ಕೆ ಇನ್ನೊಂದು ಲಾಭವಿದೆ. ಗುಲಗಂಜಿ ಹುಳುಗಳಲ್ಲಿ ಹಳದಿ ಬಣ್ಣದ ಒಂದು ಜಾತಿ ಇದೆ, ಇಲ್ಲೀಯಿಸ್ ಸಿಂಕ್ಟಾ. ಅದರ ಬಳಗದ ಬಹಳಷ್ಟು ಹುಳುಗಳು ಹೇನು ತಿಂದರೆ ಇದು ಬೂದಿಯನ್ನೇ ಮೇಯುತ್ತದೆ. ಹಿತ್ತಲ ಕುಂಬಳ, ಹೀರೆ ಬಳ್ಳಿಗಳ ಬಿಳಿ ಎಲೆಯ ಮೇಲೆ ಅದು ಓಡಾಡಿದ ದಾರಿಯುದ್ದಕ್ಕೂ ಹಸಿರು ಮತ್ತೆ ಕಾಣಿಸಿಕೊಳ್ಳುತ್ತದೆ. ಪಡಸಾಲೆಯ ಕತ್ತಲೆಗೆ ಅದು ಬರುವುದಿಲ್ಲ.

ಉಪಚಾರ ಮಾಡಿದ ಮೇಲೆ ಹಳೆಯ ಎಲೆ ನೋಡಿ ನಿರಾಶರಾಗಬಾರದು. ಅದರ ಕಲೆ ಮಾಯುವುದಿಲ್ಲ. ಆಮೇಲೆ ಹೊರಡುವ ಚಿಗುರು ಹೊಳೆಯುತ್ತ ಅಗಲವಾಗಿ ಬಿಚ್ಚಿಕೊಂಡರೆ ರೋಗ ಹಿಡಿತಕ್ಕೆ ಬಂತೆಂದು ತಿಳಿಯಬೇಕು. ಕಾಕಾ ಈಗ ಆ ಗುಲಾಬಿಯ ಚಿಗುರನ್ನು ಹೆಸರಿನ ಎಲೆಯಷ್ಟೇ ಕಾಳಜಿಯಿಂದ ಮಗುಚಿ ನೋಡುತ್ತಾರೆ.

ಮನೆಗೆ ಗಿಡ ತರಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ. ಬೆಳಕಿಂಡಿಯ ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಮುಂಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಗಾಳಿ ಹೇಗೆ ಹಾಯುತ್ತದೆ ಎಂದು ಮೊದಲು ಒಂದು ದಿನ ಕೂತು ಗಮನಿಸಿ. ಆ ಹಾದಿಯಲ್ಲಿ ಒಂದಕ್ಕೊಂದು ಎಲೆ ತಾಗದಂತೆ ಎಷ್ಟು ಕುಂಡ ಹಿಡಿಯುತ್ತವೆಯೋ ಅಷ್ಟೇ ತನ್ನಿ.