ಹಂಪಿಯಲ್ಲಿ ಬೆಳಕಿಗೆ ಕಾಯುವುದು

ಹಂಪಿಗೆ ಹೋದವರೆಲ್ಲ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರ ತೆಗೆಯುತ್ತಾರೆ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಕೂಡ ತೆಗೆದಿದ್ದರು. ಮೇಣ ಸವರಿದ ಕಾಗದವೇ ಅವರ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಲು ಬಹಳ ಹೊತ್ತು ಬೇಕು. ಹಾಗಾಗಿ ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಕಡೆಯಿಂದ ಬರಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕಿತ್ತು. ಅವರ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ರಥದ ಮೇಲೆ ಅದಿಲ್ಲ. ಹಳೆಯ ಚಿತ್ರಗಳಲ್ಲಷ್ಟೇ ಉಳಿದಿದೆ.

1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಕಾಲವೇ ಕಣ್ಣಿಗೆ ಬೀಳುತ್ತದೆ.

ಈ ಪಾಠ ಇಂದಿನ ಮೊಬೈಲ್ ಕ್ಯಾಮೆರಾಕ್ಕೂ ಸಲ್ಲುತ್ತದೆ. ಬಿಸಿಲು ಎದುರಿನಿಂದ ನೇರ ಬಿದ್ದಾಗ ಸಪ್ಪೆಯಾಗಿ ಕಾಣುವ ಉಬ್ಬುಶಿಲ್ಪ, ಪಕ್ಕದಿಂದ ಓರೆಯಾಗಿ ಬಿದ್ದಾಗ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಸೂರ್ಯೋದಯದ ವೇಳೆ ಮಾತಂಗ ಪರ್ವತದ ಮೇಲೆ ಫೋನನ್ನು ಬಂಡೆಗೆ ಒರಗಿಸಿ ಅಲುಗಿಸದೆ ಬಿಟ್ಟರೆ, ಬೆಳಕು ಗುಂಡುಗಲ್ಲುಗಳಿಂದ ಕೆಳಗಿಳಿಯುವುದೇ ಒಂದು ವಿಡಿಯೊ. ಚಿತ್ರದ ಜೊತೆ ಜಾಗ, ದಿನ, ವೇಳೆ ಬರೆದಿಟ್ಟರೆ, ಮುಂದೆ ಇನ್ನೊಬ್ಬರು ಅಲ್ಲಿಯೇ ನಿಂತು ಉಳಿದದ್ದೇನು, ಅಳಿದದ್ದೇನು ಎಂದು ನೋಡಬಲ್ಲರು.