ನಿದ್ದೆ ಅಂತ ಬರ್ದಿಲ್ವಾ?

ನಾನು ಓದಿದ ಮೊದಲ ಕಾನೂನು ಕಾಗದ ಅಪ್ಪನ ಮೇಲಿನ ದೋಷಾರೋಪಣಾ ಪಟ್ಟಿ. 2002ರ ಬೇಸಿಗೆ, ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದಿತ್ತು. ಅಪ್ಪನಿಗೆ ಓದು ಬರುತ್ತಿತ್ತು. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಊರಿನ ಬೋರ್ಡುಗಳನ್ನು ಲಾರಿಯ ಓಟದಲ್ಲೇ ಓದಿ ಹೇಳುತ್ತಿದ್ದ. ಆದರೆ ಪೊಲೀಸರ ಕೈಬರಹ ಅವನಿಗೆ ಒಗ್ಗಲಿಲ್ಲ. "ಓದು ಪುಟ್ಟಾ, ಏನ್ ಬರ್ದಿದಾರೆ" ಎಂದು ಕಾಗದಗಳನ್ನು ನನ್ನ ಕೈಗಿಟ್ಟು ಜಗಲಿಯ ಮೇಲೆ ಕೂತ.

ಓದಿದೆ. "ಆರೋಪಿತನು ತನ್ನ ಲಾರಿಯನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು, ರಸ್ತೆಯ ಎಡಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಡಿಕ್ಕಿಪಡಿಸಿದ್ದು..."

"ಅತಿವೇಗ ಎಲ್ಲಿತ್ತು? ಲೋಡು ಗಾಡಿ. ನಲವತ್ತರ ಮೇಲೆ ಹೋಗಿರ್ಲಿಲ್ಲ" ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನಿದ್ದೆ ಅಂತ ಎಲ್ಲೂ ಬರ್ದಿಲ್ವಾ? ನಾನು ಹೇಳಿದ್ನಲ್ಲ. ಕಣ್ಣು ಹತ್ತಿಬಿಡ್ತು ಸಾರ್ ಅಂತ ಅವತ್ತೇ ಹೇಳಿದೀನಿ."

ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಗಾಡಿಯ ನಂಬರು, ಚಾಸಿಸ್ ನಂಬರು, ಪಂಚನಾಮೆ, ರಸ್ತೆಯ ಅಗಲ, ಟೈರಿನ ಗುರುತು, ಎಲ್ಲ ಇತ್ತು. ನಿದ್ದೆ ಇರಲಿಲ್ಲ.

ಆದದ್ದು 2001ರ ಡಿಸೆಂಬರ್‌ನಲ್ಲಿ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಸುಗ್ಗಿ. ನಾಮಕ್ಕಲ್‌ನ ಕೋಳಿ ಫಾರಂಗಳ ಮೇವಿಗೆ ದಿನವೂ ಲೋಡು ಹೋಗುತ್ತಿತ್ತು. ಭಾನುವಾರ ಸಂಜೆ ಅಪ್ಪ ವಾಪಸು ಬರುತ್ತ ಹೊಸೂರಿನಲ್ಲಿ ಎರಡು ಗಂಟೆ ಮಲಗಿ, ರಾತ್ರಿ ಹನ್ನೊಂದಕ್ಕೆ ಎದ್ದು ಗಾಡಿ ಹೊರಡಿಸಿದ. ಸೋಮವಾರ ಬೆಳಗ್ಗೆ ಎಂಟಕ್ಕೆ ದಾವಣಗೆರೆ. ಮನೆಗೆ ಬಂದು ಸ್ನಾನ ಮಾಡಿ ರೊಟ್ಟಿ ತಿನ್ನುವಷ್ಟರಲ್ಲಿ ಮಾಲೀಕರಿಂದ ಹುಡುಗ ಬಂದ: ಇನ್ನೊಂದು ಲೋಡು ರೆಡಿ ಇದೆ.

ರೆಡಿ ಎಂದರೆ ಗೋದಾಮಿನಲ್ಲಿ ಮಾಲು ಇದೆ ಎಂದಷ್ಟೇ ಅರ್ಥ. ಮುಂದೆ ನಾಲ್ಕು ಗಾಡಿ ನಿಂತಿದ್ದವು. ಹಮಾಲರು ಸಿಗಬೇಕು, ಚೀಲ ತುಂಬಬೇಕು, ತೂಕ ಆಗಬೇಕು. ಆ ಹೊತ್ತಿನಲ್ಲಿ ಡ್ರೈವರ್ ಮಲಗಬಹುದಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಚೀಲ ಎಣಿಸುವುದು ಅವನೇ. ಅಲ್ಲಿ ಹೋಗಿ ಇಳಿಸುವಾಗ ಎರಡು ಚೀಲ ಕಡಿಮೆ ಬಿದ್ದರೆ ಅವನ ಬಾಟಾದಲ್ಲಿ ಮುರಿದುಕೊಳ್ಳುತ್ತಾರೆ. ಮಧ್ಯಾಹ್ನ ಗಾಡಿಯ ನೆರಳಲ್ಲಿ ಅರ್ಧ ಗಂಟೆ ಅಡ್ಡಾದದ್ದೇ ನಿದ್ದೆ. ಟಾರ್ಪಾಲು ಎಳೆದು ಹಗ್ಗ ಬಿಗಿದು ಗಾಡಿ ಹೊರಟಾಗ ರಾತ್ರಿ ಹನ್ನೊಂದು. ಬೆಳಗಿನ ಟ್ರಾಫಿಕ್ ಶುರುವಾಗುವ ಮೊದಲು ಬೆಂಗಳೂರು ದಾಟಬೇಕಿತ್ತು.

ಆಗಿನ್ನೂ ಅದು ರಾಷ್ಟ್ರೀಯ ಹೆದ್ದಾರಿ 4. ಚಿತ್ರದುರ್ಗದಲ್ಲಿ ಒಂದು ಚಹಾ. ಐಮಂಗಲದ ಹತ್ತಿರ ಇಳಿದು ಮುಖಕ್ಕೆ ತಣ್ಣೀರು. ಹಿರಿಯೂರು ದಾಟಿದ ಮೇಲೆ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡ. ಕ್ಲೀನರ್ ಹುಡುಗನಿಗೆ "ಮಾತಾಡ್ತಾ ಇರೋ" ಎಂದು ಹೇಳಿದ್ದ. ಮಾತಾಡುತ್ತಾ ಮಾತಾಡುತ್ತಾ ಅವನೇ ಮಲಗಿಬಿಟ್ಟ. ಹಿರಿಯೂರಿಗೂ ಶಿರಾಕ್ಕೂ ನಡುವೆ, ಬೆಳಗಿನ ಜಾವ ಮೂರೂವರೆಗೆ, ರಸ್ತೆ ಬದಿಯಲ್ಲಿ ಇನ್ನೊಂದು ಲಾರಿ ನಿಂತಿತ್ತು. ಅದರ ಡ್ರೈವರ್ ಇನ್ನು ಓಡಿಸಲಾರೆ ಎಂದು ಗಾಡಿ ನಿಲ್ಲಿಸಿ ಕ್ಯಾಬಿನ್ನಿನಲ್ಲಿ ಮಲಗಿದ್ದ. ಅವನ ಕ್ಲೀನರ್, ಹದಿನೇಳು ವರ್ಷದವನು, ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ.

ಆ ಹುಡುಗ ಅಲ್ಲೇ ಹೋದ.

ನಿಲ್ಲಿಸದೆ ಬಂದವನು ನಿದ್ದೆಯಲ್ಲಿದ್ದ. ನಿಲ್ಲಿಸಿದವನೂ ನಿದ್ದೆಯಲ್ಲಿದ್ದ. ಸತ್ತವನೂ ನಿದ್ದೆಯಲ್ಲಿದ್ದ. ಸ್ಥಳದಲ್ಲಿದ್ದ ನಾಲ್ವರಲ್ಲಿ ಒಬ್ಬರೂ ಎಚ್ಚರವಿರಲಿಲ್ಲವಾದ್ದರಿಂದ ಪ್ರತ್ಯಕ್ಷ ಸಾಕ್ಷಿ ಎನ್ನುವವರೇ ಇರಲಿಲ್ಲ. ಐದು ವರ್ಷದ ನಂತರ ಅದೇ ಕಾರಣಕ್ಕೆ ನ್ಯಾಯಾಲಯ ಅಪ್ಪನಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿತು. ವಕೀಲರು ಮೊದಲ ದಿನವೇ ಹೇಳಿದ್ದರು: "ನಿದ್ದೆ ಬಂತು ಅಂತ ಎಲ್ಲೂ ಬಾಯಿಬಿಡಬೇಡ ಮಾರಾಯ. ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ." ಹೀಗಾಗಿ ಪೊಲೀಸರ ಕಾಗದದಲ್ಲಿ ಇಲ್ಲದ ನಿದ್ದೆ ಕೋರ್ಟಿನ ಕಾಗದಕ್ಕೂ ಬರಲಿಲ್ಲ.

ತೀರ್ಪಿನ ದಿನ ಹೊರಗೆ ಬಂದ ಅಪ್ಪ, "ಆ ಹುಡುಗನ ತಾಯಿಗೆ ಏನ್ ಹೇಳಿರ್ತಾರೆ?" ಎಂದ. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ನಾನು ಕಾನೂನು ಓದಲು ಸೇರಿದ್ದಕ್ಕೆ ಈ ಪ್ರಕರಣ ಕಾರಣ ಎಂದರೆ ಅರ್ಧ ಸತ್ಯ. ಬೇರೆ ಸೀಟು ಸಿಗಲಿಲ್ಲ ಎನ್ನುವುದು ಇನ್ನರ್ಧ. ಆದರೆ ಕಾರ್ಮಿಕ ಕಾನೂನಿನ ತರಗತಿಯಲ್ಲಿ ಒಂದು ದಿನ ಪುಟ ತಿರುವುತ್ತಿದ್ದಾಗ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಕಣ್ಣಿಗೆ ಬಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ದಾರಿಯಾದರೆ ಅನುಮತಿ ಪಡೆದು ದಿನಕ್ಕೆ ಹತ್ತು, ವಾರಕ್ಕೆ 54. ಅದರ ಮೇಲೆ ಇಲ್ಲ. ಐದು ಗಂಟೆ ಕೆಲಸ ಮಾಡಿದರೆ ಕನಿಷ್ಠ ಅರ್ಧ ಗಂಟೆ ವಿರಾಮ. ವಾರಕ್ಕೊಂದು ರಜೆ. ಆ ಸಂಜೆ ಮನೆಗೆ ಹೋಗಿ ಅಪ್ಪನಿಗೆ ಇದನ್ನು ಓದಿ ಹೇಳಿದೆ.

"ಯಾವ ವರ್ಷದ್ದು?"

"1961."

"ನಾನು ಹುಟ್ಟಿದ ವರ್ಷ" ಎಂದು ನಕ್ಕ. "ಇಬ್ಬರೂ ಒಂದೇ ವಯಸ್ಸಿನೋರು. ಒಂದು ಸಲನೂ ಎದುರಿಗೆ ಸಿಗ್ಲಿಲ್ಲ ನೋಡು. ಎಂಟು ಗಂಟೆ ಅಂದ್ರೆ ನಮಗೆ ಲೋಡಿಂಗೇ ಮುಗೀತಿರ್ಲಿಲ್ಲ."

ಆ ಕಾಯ್ದೆ ಅನ್ವಯವಾಗುತ್ತಿದ್ದುದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಅಪ್ಪನ ಮಾಲೀಕರಿಗೆ ಎರಡು ಲಾರಿ. ಇಬ್ಬರು ಡ್ರೈವರು, ಇಬ್ಬರು ಕ್ಲೀನರು: ನಾಲ್ಕು. ಕಾನೂನು ನಮ್ಮ ಮನೆಯವರೆಗೂ ಬರಲು ಒಬ್ಬ ಮನುಷ್ಯ ಕಡಿಮೆ ಬಿದ್ದಿದ್ದ. ಆದರೆ ಮೋಟಾರು ವಾಹನ ಕಾಯ್ದೆ, 1988ರ 91ನೇ ಸೆಕ್ಷನ್ ಈ ಕೊರತೆಯನ್ನು ತುಂಬಿದೆ. ಸಾರಿಗೆ ವಾಹನ ನಡೆಸುವ ಯಾರಿಗೇ ಆಗಲಿ ಕೆಲಸದ ಗಂಟೆಗಳು 1961ರ ಕಾಯ್ದೆಯಲ್ಲಿ ಹೇಳಿದಂತೆಯೇ ಇರಬೇಕು ಎನ್ನುತ್ತದೆ ಅದು. ಅಂದರೆ ಅಪ್ಪ ಆ ರಾತ್ರಿ ಲಾರಿ ಹತ್ತಿದ್ದೇ ಕಾನೂನಿಗೆ ವಿರುದ್ಧ. ಹತ್ತಿಸಿದ್ದೂ ಹೌದು. ಆದರೆ ದೋಷಾರೋಪಣಾ ಪಟ್ಟಿಯಲ್ಲಿ ಆರೋಪಿ ಒಬ್ಬನೇ. ಲೋಡು ಒಪ್ಪಿಸಿದವರು, ಮಾಲು ಇಂಥ ಹೊತ್ತಿಗೆ ತಲುಪಬೇಕೆಂದವರು, ಇಪ್ಪತ್ತೆಂಟು ಗಂಟೆ ನಿದ್ದೆಗೆಟ್ಟವನ ಕೈಗೆ ಚಾವಿ ಕೊಟ್ಟವರು ಸಾಕ್ಷಿಗಳಾಗಿಯೂ ಬರಲಿಲ್ಲ.

ಹೌದು, ಆಮೇಲೆ ನಾನು ಗಂಟೆ ಎಣಿಸಿದೆ. ಹೊಸೂರಿನಲ್ಲಿ ಎದ್ದಾಗಿನಿಂದ ಡಿಕ್ಕಿಯವರೆಗೆ ಇಪ್ಪತ್ತೆಂಟೂವರೆ ಗಂಟೆ. ನಡುವೆ ಅರ್ಧ ಗಂಟೆಯ ನಿದ್ದೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ದಾಟಿದರೆ ಸುಮಾರು ಶೇ. 0.10ರ ಮಟ್ಟಕ್ಕೆ. ನಮ್ಮ ಕಾನೂನು ಡ್ರೈವರಿಗೆ ಬಿಟ್ಟಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ., ಅಂದರೆ ಶೇ. 0.03. ಜೀವಮಾನದಲ್ಲಿ ಹೆಂಡ ಮುಟ್ಟದ ನನ್ನಪ್ಪ ಆ ರಾತ್ರಿ ಮಿತಿಯ ಮೂರು ಪಟ್ಟು ಕುಡಿದವನ ಸ್ಥಿತಿಯಲ್ಲಿದ್ದ. ಕುಡಿದಿದ್ದರೆ ಬಾಯಿ ಊದಿಸಿ ನೋಡಬಹುದಿತ್ತು. ನಿದ್ದೆಗೆ ವಾಸನೆ ಇಲ್ಲ. ಗಂಟೆಗೆ 40 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಐದು ಸೆಕೆಂಡು ಕಣ್ಣು ಮುಚ್ಚಿದರೆ 55 ಮೀಟರ್ ಯಾರೂ ಓಡಿಸದ ಲಾರಿ ಅದು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕಾರಣಗಳ ಕೋಷ್ಟಕದಲ್ಲಿ ಅತಿವೇಗ ಇದೆ, ಕುಡಿತ ಇದೆ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ, ಮೊಬೈಲು ಇವೆ. ನಿದ್ದೆಗೆ ತನ್ನದೇ ಸಾಲಿಲ್ಲ. ಅಪ್ಪನ ಕೇಸು ಆ ಕಾಲದ ಲೆಕ್ಕದಲ್ಲಿ ಅತಿವೇಗದ ಖಾನೆಗೆ ಹೋಗಿ ಬಿದ್ದಿರಬೇಕು. ಹಾಗೆ ಬಿದ್ದ ಮೇಲೆ ಪರಿಹಾರವೂ ಆ ಖಾನೆಯದ್ದೇ: ವೇಗ ಕಡಿಮೆ ಮಾಡಿ ಎನ್ನುವ ಬೋರ್ಡು.

ಈಚೆಗೆ ಆ 'ಅಜಾಗರೂಕತೆ' ಎನ್ನುವ ಪದವನ್ನೇ ನೋಡುತ್ತ ಕೂತಿದ್ದೆ. ಜಾಗರ ಎಂದರೆ ಎಚ್ಚರ. ಶಿವರಾತ್ರಿಯ ಜಾಗರಣೆಯೂ ಅಲ್ಲಿಂದಲೇ ಬಂದದ್ದು. ಅಜಾಗರೂಕ ಎಂದರೆ ಎಚ್ಚರವಿಲ್ಲದವನು. ಅಕ್ಷರಶಃ ತೆಗೆದುಕೊಂಡರೆ ಪೊಲೀಸರು ಬರೆದದ್ದು ನಿಜವೇ. ಅಪ್ಪ ಹೇಳಿದ್ದನ್ನೇ ಅವರು ಬರೆದಿದ್ದರು. ಆದರೆ ಆ ಪದ ಎಷ್ಟೋ ವರ್ಷಗಳಿಂದ ಠಾಣೆ-ಕೋರ್ಟುಗಳ ನಡುವೆ ಓಡಾಡಿ, ಎಚ್ಚರ ತಪ್ಪಿದ್ದಕ್ಕೂ ಲೆಕ್ಕಿಸದಿದ್ದಕ್ಕೂ ಒಂದೇ ಅರ್ಥ ಎನ್ನುವಂತೆ ಸವೆದುಹೋಗಿದೆ. ವರ್ಷಕ್ಕೊಂದು ರಾತ್ರಿ ಜಾಗರಣೆ ಮಾಡಿದವರಿಗೆ ನಾವು ಪುಣ್ಯ ಎನ್ನುತ್ತೇವೆ. ಮರುದಿನ ಮಧ್ಯಾಹ್ನ ಅವರು ಮಲಗಿದರೆ ಎಬ್ಬಿಸುವುದಿಲ್ಲ.

ಅಪ್ಪನ ತಪ್ಪಿಲ್ಲ ಎಂದು ವಾದಿಸಲು ಇದನ್ನು ಬರೆಯುತ್ತಿಲ್ಲ. ಅವನೇ ಒಪ್ಪುವುದಿಲ್ಲ. "ಹಿರಿಯೂರಲ್ಲಿ ನಿಲ್ಲಿಸ್ಬೇಕಿತ್ತು. ನಿಲ್ಲಿಸಿದ್ರೆ ಆ ತಿಂಗಳ ಆರನೇ ಟ್ರಿಪ್ ತಪ್ತಿತ್ತು. ಟ್ರಿಪ್ಪಿಗಿಷ್ಟು ಅಂತ ದುಡ್ಡು. ಅದನ್ನ ಲೆಕ್ಕ ಹಾಕ್ತಾ ಮುಂದೆ ಹೋದೆ" ಎನ್ನುತ್ತಾನೆ. ಆರನೇ ಟ್ರಿಪ್ಪಿನ ದುಡ್ಡಿನಲ್ಲಿ ನನ್ನ ಪರೀಕ್ಷಾ ಶುಲ್ಕವೂ ಸೇರಿತ್ತೇ ಎಂದು ನಾನು ಕೇಳಿಲ್ಲ. ಹೌದು ಎಂದರೆ ಏನು ಮಾಡುವುದು?

ಈಗ ಅದೇ ದಾರಿಗೆ ಹೆದ್ದಾರಿ 48 ಎಂದು ಹೆಸರು. 1961ರ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಹೋಗಿದೆ. 2025ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ; ಒಳ್ಳೆಯದೇ. ಆದರೆ ಎಷ್ಟೋ ಗಾಡಿಗಳಲ್ಲಿ ಖರ್ಚು ಉಳಿಸಲು ಕ್ಲೀನರನ್ನು ತೆಗೆದಿದ್ದಾರೆ. ಈಗ ಮಾತಾಡಿಸಿ ಎಬ್ಬಿಸಲೂ ಪಕ್ಕದಲ್ಲಿ ಜನವಿಲ್ಲ. 2024ರ ಜನವರಿಯಲ್ಲಿ ಡಿಕ್ಕಿ ಹೊಡೆದು ಓಡಿಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವ ಕಲಮಿನ ವಿರುದ್ಧ ಲಾರಿ ಚಾಲಕರು ಗಾಡಿ ನಿಲ್ಲಿಸಿದಾಗ, ಟಿ.ವಿ.ಯಲ್ಲಿ ಶಿಕ್ಷೆಯ ವರ್ಷಗಳ ಬಗ್ಗೆ ಚರ್ಚೆ ನಡೆಯಿತು. ಡಿಕ್ಕಿಯ ಹಿಂದಿನ ಗಂಟೆಗಳ ಬಗ್ಗೆ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಅದೇ ವರ್ಷ ಜೂನ್ 28ರಂದು, ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಟೆಂಪೊ ಟ್ರಾವೆಲರ್ ಲಾರಿಗೆ ಡಿಕ್ಕಿ ಹೊಡೆದು ಯಲ್ಲಮ್ಮನ ದರ್ಶನ ಮುಗಿಸಿ ಬರುತ್ತಿದ್ದ 13 ಜನ ಸತ್ತರು. ಸುದ್ದಿಯಲ್ಲಿ ನನ್ನ ಕಣ್ಣು ನಿಂತದ್ದು ಎರಡು ಮಾತಿನ ಮೇಲೆ: ಬೆಳಗಿನ ಜಾವ, ನಿಂತಿದ್ದ ಲಾರಿ.

ಗಂಟೆ ಎಣಿಸುವುದು ಕಷ್ಟ ಎನ್ನುವ ನೆಪ ಈಗ ನಡೆಯುವುದಿಲ್ಲ. ಯುರೋಪಿನ ದೇಶಗಳಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ನಿಲ್ಲಲೇಬೇಕು. ಲಾರಿಯೊಳಗಿನ ಟ್ಯಾಕೋಗ್ರಾಫ್ ಯಂತ್ರ ಅದನ್ನು ಬರೆದಿಡುತ್ತದೆ. ನಮ್ಮಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಹೆಬ್ಬಾಳು ಟೋಲ್‌ನಲ್ಲಿ ಇಷ್ಟು ಹೊತ್ತಿಗೆ, ಗುಯಿಲಾಳಿನಲ್ಲಿ ಇಷ್ಟು ಹೊತ್ತಿಗೆ, ಕರ್ಜೀವನಹಳ್ಳಿಯಲ್ಲಿ ಇಷ್ಟು ಹೊತ್ತಿಗೆ ಎಂದು ಪ್ರತಿ ಲಾರಿಯ ಓಟ ನಿಮಿಷದ ಲೆಕ್ಕದಲ್ಲಿ ದಾಖಲಾಗುತ್ತಿದೆ. ಲಾರಿ ಎಲ್ಲೂ ನಿಲ್ಲದೆ ಎಷ್ಟು ಹೊತ್ತು ಓಡಿದೆ ಎಂಬುದು ದುಡ್ಡು ಕಡಿತವಾದ ಪಟ್ಟಿಯಲ್ಲೇ ಇದೆ. ಆ ಪಟ್ಟಿಯನ್ನು ಹಣಕ್ಕಾಗಿ ಓದುತ್ತೇವೆ. ತಪಾಸಣೆಗೆ ನಿಲ್ಲಿಸಿದವರು ಪರ್ಮಿಟ್ ಕೇಳುತ್ತಾರೆ, ಎಫ್.ಸಿ. ಕೇಳುತ್ತಾರೆ, ವಿಮೆ ಕೇಳುತ್ತಾರೆ. ಮೂವತ್ತು ವರ್ಷದಲ್ಲಿ ಒಬ್ಬರೂ "ಯಾವಾಗ ಮಲಗಿದ್ದೆ?" ಎಂದು ಕೇಳಲಿಲ್ಲವಂತೆ.

ಅಪ್ಪನಿಗೆ ಈಗ ಅರವತ್ತು ದಾಟಿದೆ. ಲಾರಿ ಬಿಟ್ಟು ಬಹಳ ವರ್ಷವಾಯಿತು. ಈಗ ಮಲಗಲು ಇಡೀ ರಾತ್ರಿ ಇದೆ, ಮೂರೂವರೆಗೆ ಎಚ್ಚರವಾಗುತ್ತದೆ. ಎದ್ದು ಜಗಲಿಯಲ್ಲಿ ಕೂರುತ್ತಾನೆ. ಬೈಪಾಸಿನಲ್ಲಿ ಹೋಗುವ ಗಾಡಿಗಳ ಸದ್ದು ಆ ಹೊತ್ತಿನಲ್ಲಿ ನಮ್ಮ ಮನೆಯವರೆಗೂ ಕೇಳುತ್ತದೆ.

ನಾನು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಫೋನು ಮಾಡಿದರೆ, ಸೀಟು ಸಿಕ್ಕಿತಾ, ಎಷ್ಟೊತ್ತಿಗೆ ತಲುಪುತ್ತೀಯಾ ಎಂದೆಲ್ಲ ಅಮ್ಮ ಕೇಳುತ್ತಾಳೆ. ಅಪ್ಪ ಕೊನೆಗೆ ಫೋನು ಇಸಿದುಕೊಂಡು ಒಂದೇ ಮಾತು ಕೇಳುತ್ತಾನೆ.

"ಡ್ರೈವರ್ ಒಬ್ಬನೇನಾ, ಇಬ್ಬರಿದಾರಾ?"

ಒಬ್ಬನೇ ಇದ್ದರೂ ಇಬ್ಬರು ಎನ್ನುತ್ತೇನೆ. ಆಮೇಲೆ ಶಿರಾ ದಾಟುವವರೆಗೆ ನನಗೆ ನಿದ್ದೆ ಬರುವುದಿಲ್ಲ.